ಮೆಟ್ಟಿಲು ಗುಡಿಸುವ ಸರದಿ

ಭಾನುವಾರ ಅಮ್ಮ ಫೋನ್ ಮಾಡಿ, "ಎಲ್ಲಿ, ಪಕ್ಕದ ಮನೆಯವರ ಕೈಗೆ ಕೊಡು" ಅಂದುಬಿಟ್ಟರೆ ಏನು ಗತಿ ಎಂಬ ಚಿಂತೆ ಮಾರಿಟ್‌ಗೆ ಹತ್ತಿಕೊಂಡಿತ್ತು. ಕೆಲಸ ಸಿಕ್ಕಿ ಸ್ಟುಟ್‌ಗಾರ್ಟಿಗೆ ಬಂದ ಹೊಸತರಲ್ಲೇ, ಕಡಲಾಚೆ ಮಿನೆಸೋಟಾದಲ್ಲಿದ್ದ ಅಮ್ಮನಿಗೆ ಅವಳು ಒಂದು ಸುಳ್ಳು ಹೇಳಿದ್ದಳು. ಪಕ್ಕದ ಮನೆಯ ಹಿರಿಯ ಹೆಂಗಸು ಫ್ರಾವ್ ಎಬರ್ಲೆ ಬಹಳ ಒಳ್ಳೆಯವರು, ಭಾನುವಾರ ಕಾಫಿಗೆ ಕರೆಯುತ್ತಾರೆ ಎಂದು. ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು ಹೇಳಿದ್ದು. ಆದರೆ ಸುಳ್ಳು ಸುಮ್ಮನಿರಲಿಲ್ಲ, ಮೈತುಂಬಿಕೊಂಡು ಬೆಳೆಯಿತು. ಆ ಸುಳ್ಳಿನೊಳಗೆ ಎಬರ್ಲೆ ಅವಳಿಗೆ ಸೇಬಿನ ಕೇಕ್ ಮಾಡುವುದನ್ನು ಕಲಿಸಿದರು, ನೆಗಡಿಯಾದಾಗ ಸೂಪು ತಂದುಕೊಟ್ಟರು. ಈಗ ಅಮ್ಮ ಆಕೆಗೆಂದೇ ಉಣ್ಣೆಯ ಕೈಗವಸು ಹೆಣೆದು ಕಳಿಸಿದ್ದಾಳೆ. ಅಳತೆ ಸರಿಹೋಯಿತೇ ಎಂದು ಭಾನುವಾರ ಫೋನಿನಲ್ಲಿ ಆಕೆಯನ್ನೇ ಕೇಳಬೇಕಂತೆ.

ನಿಜವೆಂದರೆ ಎರಡು ಮನೆಗಳ ನಡುವೆ ಓಡಾಡುತ್ತಿದ್ದದ್ದು ಒಂದು ಮರದ ಹಲಗೆ ಮಾತ್ರ. ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಆ ವಾರ ಯಾರದೋ ಅವರ ಬಾಗಿಲಲ್ಲಿ ಅದು ನೇತಾಡಬೇಕು. ತನ್ನ ವಾರ ಮುಗಿದೊಡನೆ ಮಾರಿಟ್ ಸದ್ದಾಗದಂತೆ ಅದನ್ನು ಪಕ್ಕದ ಬಾಗಿಲ ಹಿಡಿಗೆ ಸಿಕ್ಕಿಸಿ ಒಳಗೆ ಓಡಿಬರುತ್ತಿದ್ದಳು. ಮುಂದಿನ ವಾರ ಅದು ಅಷ್ಟೇ ಸದ್ದಿಲ್ಲದೆ ಅವಳ ಬಾಗಿಲಿಗೆ ಮರಳುತ್ತಿತ್ತು.

ಶನಿವಾರ ಬೆಳಿಗ್ಗೆ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಲಾರಿ ನಿಂತಿತ್ತು. ಇಬ್ಬರು ಆಳುಗಳು ಎಬರ್ಲೆಯವರ ಸೋಫಾವನ್ನು ಅದಕ್ಕೆ ಏರಿಸುತ್ತಿದ್ದರು. ಸದ್ಯ, ಬದುಕಿದೆ, ಆಕೆ ಮನೆ ಬಿಟ್ಟರು ಎಂದು ಅಮ್ಮನಿಗೆ ಹೇಳಬಹುದು ಅನಿಸಿತು ಅವಳಿಗೆ. ಹಾಗೆ ಅನಿಸಿದ್ದಕ್ಕೆ ಮರುಗಳಿಗೆಯೇ ನಾಚಿಕೆಯಾಯಿತು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ತೆಗೆದಳು.

ಎಬರ್ಲೆ. ಮೈಮೇಲೆ ಕೋಟು, ಕಂಕುಳಲ್ಲಿ ಹಲಗೆ.

"ಅಂತೂ ಬಾಗಿಲು ತೆಗೆದೆಯಲ್ಲ. ನಾನು ಕೆಳಗಿಳಿಯೋ ತನಕ ಬಾಗಿಲ ಹಿಂದೆ ನಿಂತ್ಕೊಂಡು ಕಾಯ್ತೀಯೇನೋ ಅಂದ್ಕೊಂಡೆ, ದಿನಾ ನಿಲ್ಲೋ ಹಾಗೆ."

ಮಾರಿಟ್‌ಳ ಕಿವಿ ಬಿಸಿಯಾಯಿತು. "ನಿಮಗೆ ಗೊತ್ತಾಗ್ತಿತ್ತಾ?"

"ನೆಲ ಕಿರುಗುಟ್ಟುತ್ತಲ್ಲಮ್ಮ. ತಗೋ, ನನ್ನ ಜಾಗಕ್ಕೆ ಬರೋರಿಗೆ ಈ ಹಲಗೆ ಕೊಡು. ನಾನು ಉಲ್ಮ್‌ಗೆ ಹೊರಟೆ, ತಂಗಿ ಮನೆಗೆ. ಒರೆಸೋದು ಹೇಗೆ ಅಂತ ಮಾತ್ರ ನೀನು ಹೇಳ್ಕೊಡೋಕೆ ಹೋಗ್ಬೇಡ. ನಿನ್ನ ವಾರ ಬಂದ್ರೆ ಧೂಳೆಲ್ಲ ಮೂಲೇಲಿ ಸುಖವಾಗಿರತ್ತೆ."

ಮಾರಿಟ್‌ಗೆ ನಗು ತಡೆಯಲಾಗಲಿಲ್ಲ. ಎಬರ್ಲೆಯೂ ನಕ್ಕರು. ಆಮೇಲೆ ಅವರ ಮುಖ ಸಣ್ಣದಾಯಿತು.

"ಹೋಗೋ ಹೊತ್ತಲ್ಲಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನನ್ನ ಮೇಲೆ ನಿನಗೇನು ಸಿಟ್ಟು?"

"ಸಿಟ್ಟಾ? ನನಗಾ?"

"ಮತ್ತೆ? ಹೊಸದಾಗಿ ಬಂದೋರು ಅಕ್ಕಪಕ್ಕದ ಬಾಗಿಲು ತಟ್ಟಿ, ನಾನು ಇಂಥವಳು ಅಂತ ಹೇಳೋದಿಲ್ವಾ? ನೀನು ಬರ್ತೀಯ ಅಂತ ಮೊದಲ್ನೇ ಭಾನುವಾರ ಸೇಬಿನ ಕೇಕ್ ಮಾಡಿಟ್ಟೆ. ಅದರ ಮುಂದಿನ ಭಾನುವಾರಾನೂ ಮಾಡ್ದೆ. ಆಮೇಲೆ ಜಂಬದ ಹುಡುಗಿ ಅಂದ್ಕೊಂಡು ಸುಮ್ಮನಾದೆ."

ಮಾರಿಟ್ ಹಲಗೆಯನ್ನು ಎದೆಗೆ ಅವಚಿಕೊಂಡಳು. "ನಮ್ಮ ಕಡೆ ಹಳಬರೇ ಬರ್ತಾರೆ. ಏನಾದ್ರೂ ಅಡುಗೆ ಮಾಡಿ, ಮುಚ್ಚಿಕೊಂಡು ತಂದ್ಕೊಡ್ತಾರೆ. ನೀವು ಬರ್ತೀರಿ ಅಂತ..." ಆ ಮೊದಲ ವಾರ ದಿನವೂ ಕಚೇರಿಯಿಂದ ಬಂದವಳೇ ಎರಡು ಬಟ್ಟಲು ತೊಳೆದಿಟ್ಟುಕೊಂಡು ಕೂರುತ್ತಿದ್ದಳು. ಈ ಊರಿನವರಿಗೆ ಕರುಳೇ ಇಲ್ಲ ಎಂದು ಅತ್ತು, ಬಟ್ಟಲನ್ನು ಒಳಗಿಟ್ಟಿದ್ದಳು.

"ಸರಿ ಹೋಯ್ತು," ಎಂದರು ಎಬರ್ಲೆ. "ನೀನು ಆ ಕಡೆ, ನಾನು ಈ ಕಡೆ. ಇಬ್ಬರೂ ಚೆನ್ನಾಗಿದ್ದೀವಿ ಬಿಡು."

ಕೆಳಗಿನಿಂದ ಲಾರಿಯವನು ಹಾರ್ನ್ ಮಾಡಿದ. ಎಬರ್ಲೆ ಅವಳ ತೋಳನ್ನೊಮ್ಮೆ ಮುಟ್ಟಿ, ಮೆಟ್ಟಿಲತ್ತ ತಿರುಗಿದರು. ಒಳಗೆ ಹೋಗಿ ಕೈಗವಸು ತಂದುಕೊಡಲೇ ಎಂದುಕೊಂಡಳು ಮಾರಿಟ್. ಕೊಟ್ಟರೆ ಏಕೆಂದು ಹೇಳಬೇಕು, ಹೇಳಿದರೆ ಆ ಸುಳ್ಳನ್ನೆಲ್ಲ ಬಿಚ್ಚಿಡಬೇಕು. ಬಾಗಿಲಲ್ಲೇ ನಿಂತಳು. ಎಬರ್ಲೆ ಕಂಬಿ ಹಿಡಿದು ನಿಧಾನವಾಗಿ ಇಳಿಯುತ್ತಿದ್ದರು. ತಿರುವಿನ ಹತ್ತಿರ ಅವರ ಬೂದು ಟೋಪಿಯಷ್ಟೇ ಕಾಣುತ್ತಿತ್ತು.

"ಫ್ರಾವ್ ಎಬರ್ಲೆ," ಎಂದಳು.

ಟೋಪಿ ನಿಂತಿತು.

"ಸಂಜೆ ಹೊತ್ತು ನೀವು ಅಡುಗೆಮನೇಲಿ ರೇಡಿಯೊ ಹಾಕ್ತಿದ್ರಲ್ಲ, ಆಗ ನಾನು ತಟ್ಟೆ ತಗೊಂಡು ಹೋಗಿ, ನಮ್ಮಿಬ್ಬರ ಮನೆ ನಡುವಿನ ಗೋಡೆಗೆ ಒರಗಿ ಕೂತು ಊಟ ಮಾಡ್ತಿದ್ದೆ."