ಗುರುಗಳು ಬರೆಯದ ಇಪ್ಪತ್ತೊಂದು ಮಾತು

ಹನ್ನೆರಡು ವರ್ಷಗಳಿಂದ ಆಕೆ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು. ಅಲ್ಲಿ ಅಚ್ಚಾಗುತ್ತಿದ್ದದ್ದು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಪ್ರತಿ ಹಾಳೆಯ ಕೆಳಗೆ ಗುರುಗಳ ಒಂದು ಹಿತನುಡಿ. ಅದೊಂದನ್ನೇ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದುದರಿಂದ ಪ್ರೆಸ್ಸಿನವರು ಬೆನ್ನ ಹಿಂದೆ ಅವರನ್ನು ‘ದಪ್ಪಕ್ಷರ’ ಎಂದೇ ಕರೆಯುತ್ತಿದ್ದರು. ಗುರುಗಳ ಕಾಗುಣಿತ ತಿದ್ದಿ ತಿದ್ದಿ ಆಕೆಯ ಭಕ್ತಿ ಎಂದೋ ಸವೆದುಹೋಗಿತ್ತು. ಮೌನದ ಮೇಲೆಯೇ ವರ್ಷಕ್ಕೆ ನಲವತ್ತು ಮಾತು ಕಳಿಸುವ ಮನುಷ್ಯ ಅವರು.

ಆ ವರ್ಷ ಅವರಿಂದ ಬಂದದ್ದು ಮುನ್ನೂರ ನಲವತ್ತನಾಲ್ಕೇ. ಫೋನ್ ಮಾಡಿದರೆ, “ಗುರುಗಳು ಏಕಾಂತದಲ್ಲಿದ್ದಾರೆ” ಎಂದು ಶಿಷ್ಯ ಇಟ್ಟುಬಿಟ್ಟ.

“ಉಳಿದಿದ್ದು ನೀವೇ ಬರೆದುಬಿಡಿ ಮೇಡಂ,” ಎಂದರು ಮಾಲೀಕರು. “ಹನ್ನೆರಡು ವರ್ಷ ಓದಿದ್ದೀರಲ್ಲ.”

“ನನಗೆ ದೇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೇ, ಸಾರ್.”

“ದೇವರನ್ನ ಯಾರು ಕೇಳಿದ್ರು? ಒಂದೂವರೆ ಸಾಲು ಸಾಕು.”

ಆಗ ಆಕೆಯ ತಲೆಯಲ್ಲಿ ಇದ್ದದ್ದು ಅಕ್ಕ ಒಬ್ಬಳೇ. ಎರಡು ವರ್ಷದ ಹಿಂದೆ ಅಕ್ಕ ಇವಳ ಹೊಸ ಸೂಟ್‌ಕೇಸ್ ಒಯ್ದು, ಒಂದು ಚಕ್ರ ಕಳೆದು ತಂದಿಟ್ಟು, “ಮೊದಲೇ ಹಾಗಿತ್ತು” ಎಂದಿದ್ದಳು. ಮಾತಿಗೆ ಮಾತು ಬೆಳೆದು, ಚಿಕ್ಕಂದಿನ ಜಡೆ ಎಳೆದಾಟದವರೆಗೂ ಹೋಗಿ, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆ ಸಿಟ್ಟಿನಲ್ಲೇ ಒಂದೇ ಮಧ್ಯಾಹ್ನ ಇಪ್ಪತ್ತೊಂದನ್ನೂ ಬರೆದು ಬಿಸಾಕಿದಳು. ಒಂದು ಹೀಗಿತ್ತು: ‘ತಪ್ಪು ಒಪ್ಪಿಕೊಳ್ಳಲು ಜ್ಞಾನ ಬೇಕಿಲ್ಲ, ಕುತ್ತಿಗೆ ಸ್ವಲ್ಪ ಬಗ್ಗಿದರೆ ಸಾಕು.’

ಕ್ಯಾಲೆಂಡರ್ ಹೊರಬಿತ್ತು. ಏಕಾಂತದಿಂದ ಹೊರಬಂದ ಗುರುಗಳೇ ಫೋನ್ ಮಾಡಿದರು. “ಈ ಸಲ ಕೆಲವು ಬಹಳ ಚೆನ್ನಾಗಿ ಬಂದಿವೆ. ಯಾವಾಗ ಹೊಳೆದವೋ ನನಗೇ ನೆನಪಿಲ್ಲ.”

“ಎಲ್ಲ ತಮ್ಮ ಕೃಪೆ,” ಎಂದು ಮಾಲೀಕರು ಬೆವರು ಒರೆಸಿಕೊಂಡರು.

ಮೂರನೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅಕ್ಕ. ಕೈಯಲ್ಲಿ ಕ್ಯಾಲೆಂಡರಿನ ಹರಿದ ಹಾಳೆ. ಚಪ್ಪಲಿಯನ್ನೂ ಬಿಡದೆ ಅದನ್ನು ತಂಗಿಯ ಮೂಗಿಗೆ ಹಿಡಿದಳು.

“ಓದು. ಕುತ್ತಿಗೆ ಬಗ್ಗಿಸು ಅಂತ ಹೇಳಿದ್ದಾರೆ ಗುರುಗಳು. ಓದಿದ ತಕ್ಷಣ ನಿನ್ನ ಮುಖವೇ ಕಣ್ಮುಂದೆ ಬಂತು.”

ತಂಗಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಕೊನೆಗೆ ನಗುವೇ ಬಂತು.

“ಅಕ್ಕಾ, ಅದನ್ನ ಬರೆದಿದ್ದು ನಾನು. ನಿನ್ನ ಮೇಲೇ ಬರೆದಿದ್ದು.”

“ಸುಮ್ನಿರೇ. ನಿನಗೆ ಇಷ್ಟು ಬುದ್ಧಿ ಇದ್ದಿದ್ರೆ ಎರಡು ವರ್ಷ ಮುಖ ಊದಿಸ್ಕೊಂಡು ಕೂತಿರ್ತಿದ್ಯಾ?”

ತಂಗಿ ಒಳಗೆ ಹೋಗಿ, ತಾನು ಗೀಚಿದ್ದ ಕರಡನ್ನು ತಂದು ಮೇಜಿನ ಮೇಲಿಟ್ಟಳು. ಅಕ್ಕ ಕುರ್ಚಿ ಎಳೆದುಕೊಂಡು ಒಂದೊಂದನ್ನೇ ಓದತೊಡಗಿದಳು. “ಇದು ನಮ್ಮತ್ತೆಗೆ ಸರಿಯಾಗಿದೆ. ಇದು ಕೆಳಗಿನ ಮನೆಯವಳಿಗೆ. ಅಯ್ಯೋ, ಇದು ಚಿಕ್ಕಪ್ಪನೇ!” ಇಪ್ಪತ್ತೊಂದಕ್ಕೂ ಜನ ಸಿಕ್ಕರು. ಅಕ್ಕನಿಗೆ ಅಕ್ಕ ಮಾತ್ರ ಎಲ್ಲೂ ಸಿಗಲಿಲ್ಲ.

ಅದನ್ನು ಹೇಳಿಬಿಡೋಣ ಎಂದು ತಂಗಿ ಬಾಯಿ ತೆರೆದಳು. ಆಗಲೇ ಹೊಳೆಯಿತು: ಬರೆಯುವಾಗ ತಾನೂ ಒಂದರಲ್ಲೂ ತನ್ನನ್ನು ಕಂಡಿರಲಿಲ್ಲ. ತೆರೆದ ಬಾಯನ್ನು ಹೇಗಾದರೂ ಬಳಸಬೇಕಲ್ಲ, “ಟೀ ಕುಡೀತೀಯಾ?” ಎಂದಳು.

“ಸಕ್ಕರೆ ಕಮ್ಮಿ,” ಎಂದಳು ಅಕ್ಕ, ಎರಡು ವರ್ಷ ನಡುವೆ ಬಂದೇ ಇಲ್ಲವೆಂಬಂತೆ.

ಮಧ್ಯಾಹ್ನ ಹೊರಡುವಾಗ ಅಕ್ಕ ಬಾಗಿಲಲ್ಲಿ ದನಿ ತಗ್ಗಿಸಿದಳು. “ನಿಜವಾಗ್ಲೂ ನೀನೇ ಬರೆದಿದ್ರೆ, ಮುಂದಿನ ವರ್ಷ ನಿನ್ನ ಭಾವನ ಮೇಲೂ ಒಂದು ಹಾಕು. ನಾನು ಹೇಳಿದ್ರೆ ಕೇಳಲ್ಲ, ಗುರುಗಳು ಅಂದ್ರೆ ಕೇಳ್ತಾರೆ.”

“ಯಾವುದರ ಬಗ್ಗೆ?”

“ಒಂದೇ ಎರಡೇ? ಬಾ, ನಡೀತಾ ಹೇಳ್ತೀನಿ.”

ತಂಗಿ ಬಸ್ ಸ್ಟಾಪಿನವರೆಗೂ ಜೊತೆಗೆ ಹೋದಳು. ಭಾವನ ದುರ್ಗುಣಗಳು ಮುಗಿಯದೆ ಇಬ್ಬರೂ ಎರಡು ಬಸ್ಸು ಬಿಟ್ಟರು.