ಕೆಂಚವ್ವನ ಇಟ್ಟಂಗಿ

ಲಗಮಣ್ಣ ಟ್ರಂಕನ್ನು ಅಂಗಳದಲ್ಲೇ ಬೋರಲು ಹಾಕಿದ. ಸೀರೆ, ಹಣಿಗೆ, ಕುಂಕುಮದ ಡಬ್ಬಿ ಉರುಳಿದವು. ಹಳೆಯ ಕುಬಸದಲ್ಲಿ ಸುತ್ತಿದ್ದ ಇಟ್ಟಂಗಿ ಧಪ್ಪನೆ ಬಿತ್ತು.

"ಮಾಮಾ, ಎತ್ತೂ ಹೊತ್ತಾತು. ಏನ ಹುಡಕಾಕತ್ತೀರಿ?" ಎಂದ ಜಕ್ಕಪ್ಪ. ಗುಡಿಸಲ ಮುಂದೆ ಹೆಣವಾಗಿ ಮಲಗಿದ್ದ ಕೆಂಚವ್ವ ಅವನ ಅಕ್ಕ, ಲಗಮಣ್ಣನ ಹೆಂಡತಿ.

"ತನ್ನ ಹೆಸರಿನ ಇಟ್ಟಂಗಿ ತಲಿ ಕಡೆ ಇಡು ಅಂತ ಮಾತ ತಗೊಂಡಾಳ."

ಅಂಕಲಿಯ ಹೊಳೆದಂಡೆಯ ಭಟ್ಟಿಯಲ್ಲಿ ಅವಳು ಬಡಿದ ಇಟ್ಟಂಗಿಗಳ ಮೇಲೆಲ್ಲ ಮಾಲೀಕರ ಹೆಸರೇ ಇತ್ತು. ಅವಳದು ಇದೊಂದೇ.

ಭಟ್ಟಿಯ ಕೂಲಿಗಳ ಮೇಲ್ವಿಚಾರಕ, ಮುಕಾದಮ ಮುರಗೆಪ್ಪ ಅದನ್ನೆತ್ತಿ ಬಿಸಿಲಿಗೆ ಹಿಡಿದ.

"ಇದೇನಲೇ ಲಗಮಣ್ಣಾ? ಅಕ್ಷರ ಎಲ್ಲಾ ಉಲ್ಟಾ ಅದಾವು. ಕನ್ನಡಿ ಹಿಡದ ಓದಬೇಕು."

ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ಲಗಮಣ್ಣನಿಗೆ ಓದು ಬರುತ್ತಿರಲಿಲ್ಲ. ಕೆಂಚವ್ವನಿಗೂ ಬರುತ್ತಿರಲಿಲ್ಲ.

"ಸುಳ್ಳ ಹೇಳಬ್ಯಾಡ."

"ಹೆಣದ ಮುಂದ ಸುಳ್ಳ ಹೇಳತೇನೇನು?"

*

ಎಂಬತ್ತಾರರ ಬೇಸಿಗೆಯಲ್ಲಿ ನಿಪ್ಪಾಣಿಯ ಚಿತ್ರಗಾರ ಅಣ್ಣಾಸಾಬ ಭಟ್ಟಿ ನೋಡಲು ಬಂದಿದ್ದ. ದಿನವಿಡೀ ಕೂತು ಹೊಗೆ, ಒಣಗಲು ಬಿಟ್ಟ ಸಾಲು, ಬಗ್ಗಿದ ಬೆನ್ನುಗಳನ್ನು ಬರೆದ. ಕೆಂಚವ್ವ ಕೈ ಒರೆಸಿಕೊಂಡು ಹಾಳೆಯಲ್ಲಿ ಇಣುಕಿದಳು.

"ಇದರಾಗ ನನ್ನ ಮಾರಿನ ಇಲ್ಲಲ್ರಿ?"

"ಕೆಲಸ ಮಾಡೂ ಮುಂದ ಮಾರಿ ಎಲ್ಲಿ ಕಾಣತೈತಿ ಬಾಯಿ? ಬೆನ್ನ ತಗದೀನಿ."

"ಬೆನ್ನ ಯಾರದರ ಆಗಬಹುದು. ಹೆಸರಾದರ ಬರೀರಿ."

ಅವನು ನಕ್ಕು, ಪೆನ್ಸಿಲ್ ಕೆತ್ತುವ ಚಾಕುವಿನಿಂದ ಹಲಗೆಯ ಚೂರೊಂದರಲ್ಲಿ ಹೆಸರು ಕೊರೆದು ಅಚ್ಚಿನ ತಳಕ್ಕಿಟ್ಟ. ಅವಳು ಮಣ್ಣು ಬಡಿದು ಅಚ್ಚೆತ್ತಿದಳು.

"ಸರಿ ಬಂದೈತೇನ್ರಿ?"

ಅಣ್ಣಾಸಾಬ ಹಸಿ ಇಟ್ಟಂಗಿಯನ್ನು ನೋಡಿದ. ಅವಳ ಮುಖವನ್ನೂ ನೋಡಿದ.

"ಹೂಂ" ಎಂದ. ತರಿಸಿದ ಚಹಾ ಕುಡಿಯದೆ ಹೋದ.

*

ಕುಣಿ ಮುಚ್ಚಿದ ಮೇಲೆ ಭಟ್ಟಿಯವರು ತುಳಿದು ಹದ ಮಾಡಿದ ಮಣ್ಣನ್ನೇ ತಂದು ಮೆತ್ತಿದರು. ಲಗಮಣ್ಣ ಇಟ್ಟಂಗಿಯನ್ನು ತಲೆಯ ಕಡೆ ಬೋರಲಿಟ್ಟು ಮೈಭಾರ ಬಿಟ್ಟು ಒತ್ತಿದ.

"ಡಬ್ಬ ಯಾಕ ಇಟ್ರಿ ಮಾಮಾ?"

"ಓದಿ ಯಾರೂ ನಗಬಾರದು."

ಕೊಡ ಹಿಡಿದು ನಿಂತಿದ್ದ ಮುರಗೆಪ್ಪ ಮೆಲ್ಲಗೆ ಹೇಳಿದ: "ಮಾಲಕರದ ಒಂದ ತಂದ ಇಡೋಣೇಳು. ಅದರ ಮ್ಯಾಲಿನ ಹೆಸರಾದರ ನೆಟ್ಟಗ ಐತಿ."

ಲಗಮಣ್ಣನ ಕತ್ತಿನ ನರ ಉಬ್ಬಿತು.

"ಸತ್ತ ಮ್ಯಾಲೂ ಆಕಿ ತಲಿಮ್ಯಾಲ ಅವರ ಹೆಸರನ? ಯಾವುದೂ ಬ್ಯಾಡ. ಇದು ಹೊಳಿಗೆ ಹೋಗಲಿ!"

ಇಟ್ಟಂಗಿಯನ್ನು ಕಿತ್ತು ಎರಡೂ ಕೈಯಲ್ಲಿ ಮೇಲೆತ್ತಿದ. ಜನ ಹಿಂದೆ ಸರಿದರು. ಅದು ಬಿಟ್ಟುಹೋದ ಗುಳಿಯನ್ನು ನೀರು ಹಾಕಿ ಸವರಲು ಮುರಗೆಪ್ಪ ಕೊಡ ಬಗ್ಗಿಸತೊಡಗಿದವನು, ಹಾಗೇ ನಿಂತ. ತುಟಿಗಳು ಅಲುಗಿದವು.

"ಏನ ಓದಾಕತ್ತೀ?" ಲಗಮಣ್ಣ ಇಟ್ಟಂಗಿ ಎತ್ತಿ ಹಿಡಿದೇ ಕೇಳಿದ.

ಹಸಿ ಮಣ್ಣಿನಲ್ಲಿ ಕೆಂಚವ್ವನ ಹೆಸರು ನೆಟ್ಟಗೆ ಮೂಡಿತ್ತು. ಅದರ ಮೇಲೆ ಹನಿ ನೀರೂ ಬೀಳದಂತೆ ಮುರಗೆಪ್ಪ ಕೊಡದ ಬಾಯಿಗೆ ಅಂಗೈ ಒತ್ತಿ ಹಿಡಿದ.