ಮಾಹಿತಿ ಲಭ್ಯವಿಲ್ಲದ ಲೇಖಕಿ

ನನ್ನ ತಂಗಿ ನನ್ನ ಬಗ್ಗೆ ಬರೆದ ಸಂಶೋಧನಾ ಲೇಖನದಲ್ಲಿ "ಈ ಲೇಖಕಿಯ ಜೀವನದ ವಿವರಗಳು ಲಭ್ಯವಿಲ್ಲ" ಎಂಬ ವಾಕ್ಯವಿತ್ತು. ಅದನ್ನು ಅವಳು ಟೈಪ್ ಮಾಡುವಾಗ ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕುತ್ತಿದ್ದೆ.

"ಲಭ್ಯವಿಲ್ವಾ? ಇಲ್ಲೇ ಕೂತಿದೀನಲ್ಲೇ" ಎಂದೆ.

"ಸುಮ್ನಿರಕ್ಕಾ. ಸ್ವಂತ ಅಕ್ಕನ ಮೇಲೆ ಬರ್ಕೊಂಡಿದಾಳೆ ಅಂತ ಗೊತ್ತಾದ್ರೆ ಓದೋ ಮೊದಲೇ ಪಕ್ಕಕ್ಕಿಡ್ತಾರೆ."

"ಹಾಗಾದ್ರೆ ಸತ್ತುಹೋದಳು ಅಂತ ಬರಿ. ಇನ್ನೂ ಅನುಕೂಲ."

"ಯೋಚನೆ ಮಾಡಿದ್ದೆ. ಸತ್ತ ವರ್ಷ ಕೇಳ್ತಾರೆ."

ತಂಗಿ ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದಳು. ಆ ಹುದ್ದೆಯನ್ನು ಖಾಯಂ ಮಾಡುವ ಸಂದರ್ಶನ ಹತ್ತಿರ ಬಂದಿತ್ತು. ಅಷ್ಟರೊಳಗೆ ಒಳ್ಳೆಯ ಪತ್ರಿಕೆಯೊಂದು ಅವಳ ಲೇಖನವನ್ನು ಒಪ್ಪಿಕೊಂಡಿರಬೇಕು. ಇಲ್ಲದಿದ್ದರೆ ಹುದ್ದೆ ಪ್ರಾಂಶುಪಾಲರ ಅಳಿಯನಿಗೆ. ಅಳಿಯನ ಲೇಖನಗಳು ಆಗಲೇ ಅಚ್ಚಾಗಿದ್ದವು. ಅವನ್ನು ಅಳಿಯನೂ ಓದಿರಲಿಲ್ಲ ಎಂದು ತಂಗಿ ಹೇಳುತ್ತಿದ್ದಳು.

ಅವಳ ವಿಷಯ ಮಹಿಳಾ ಸಾಹಿತ್ಯ. ದೊಡ್ಡ ಲೇಖಕಿಯರನ್ನೆಲ್ಲ ಬೇರೆಯವರು ಉಜ್ಜಿ ಉಜ್ಜಿ ಸವೆಸಿದ್ದರು. ಯಾರೂ ಮುಟ್ಟದ ಲೇಖಕಿ ಬೇಕಿತ್ತು. ಆಗ ಅವಳಿಗೆ ನನ್ನ ನೆನಪಾಯಿತು. ಪ್ರಾಯದಲ್ಲಿ ನಾನು ವಾರಪತ್ರಿಕೆಯೊಂದಕ್ಕೆ 'ಸೂಜಿ' ಎಂಬ ಹೆಸರಿನಲ್ಲಿ ಮೂರು ಕತೆ ಬರೆದಿದ್ದೆ. ಅವು ಅಟ್ಟದ ಮೇಲೆ ಜಿರಲೆಗಳ ಜೊತೆ ಸುಖವಾಗಿದ್ದವು. ಈಗ ಕೆಳಗಿಳಿದು ಬಂದು, "ಸೂಜಿಯವರ ಕಥನದಲ್ಲಿ ಸ್ತ್ರೀ ಪ್ರಜ್ಞೆ" ಎಂಬ ತಲೆಬರಹದ ಕೆಳಗೆ ಕೂತವು.

ಕೊನೆಯ ಪ್ಯಾರಾವನ್ನು ಅವಳು ಗಟ್ಟಿಯಾಗಿ ಓದಿದಳು. "ಕುಟುಂಬದ ದಬ್ಬಾಳಿಕೆ ಈ ದನಿಯನ್ನು ಅಡಗಿಸಿತು."

"ಯಾವ ಕುಟುಂಬ?" ಎಂದೆ. "ಅಪ್ಪ ತಾನೇ ಹೋಗಿ ಅಂಚೆಗೆ ಹಾಕಿ ಬರ್ತಿದ್ದ. ಅಮ್ಮ ಪಕ್ಕದ ಮನೆಯವಳನ್ನ ಹಿಡಿದು ಕೂರಿಸಿ ಓದಿಸ್ತಿದ್ದಳು. ಸತ್ತವರ ಮೇಲೆ ತಪ್ಪು ಹಾಕಬೇಡ."

"ಮತ್ಯಾಕೆ ನಿಲ್ಲಿಸಿದೆ?"

ಇಷ್ಟು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು. ಹೇಳಿದೆ. ನಾಲ್ಕನೇ ಕತೆಯಲ್ಲಿ ಒಬ್ಬಳು ಹೊಲಿಗೆ ಯಂತ್ರವನ್ನು ಗಾಡಿಗೆ ಹಾಕಿಕೊಂಡು ಗಂಡನ ಮನೆಯಿಂದ ಹೊರಟುಬಿಡುತ್ತಾಳೆ. ಸಂಪಾದಕ ಅದನ್ನು ವಾಪಸ್ ಕಳಿಸಿದ. ಮುಕ್ತಾಯ ಕಟುವಾಯಿತು, ಅವಳು ಮನೆಗೆ ಮರಳುವಂತೆ ಆಶಾದಾಯಕವಾಗಿ ಮುಗಿಸಿ ಎಂದು ಬರೆದಿದ್ದ. ಅವಳು ಬರಲ್ಲ, ಇನ್ನು ಮೇಲೆ ನಾನೂ ಬರಲ್ಲ, ನೀನೊಬ್ಬ ಕೋಣ ಎಂದು ಉತ್ತರ ಬರೆದು ಹಾಕಿದೆ. ಅಲ್ಲಿಗೆ ನನ್ನ ಸಾಹಿತ್ಯ ಮುಗಿಯಿತು.

ತಂಗಿ ಪ್ಯಾರಾವನ್ನು ಅಳಿಸಿ ಹೊಸದಾಗಿ ಬರೆದಳು. ಸೂಜಿಯನ್ನು ಸುಮ್ಮನಾಗಿಸಿದ್ದು ಮನೆಯಲ್ಲ, ಪತ್ರಿಕೆ. ಇಂಥವರನ್ನು ಸಾಹಿತ್ಯ ಚರಿತ್ರೆ ಮರೆತದ್ದಲ್ಲ, ಹುಡುಕಲು ಸೋಮಾರಿತನ ಮಾಡಿತು. ಇದು ಹೇಗೆ ಗೊತ್ತು ಎಂದು ಯಾರಾದರೂ ಕೇಳಿಯಾರು ಎಂದು "ವಿಶ್ವಸನೀಯ ಮೂಲದಿಂದ ತಿಳಿದುಬಂದಿದೆ" ಎಂದು ಸೇರಿಸಿದಳು. ವಿಶ್ವಸನೀಯ ಮೂಲ ಹಲ್ಲಿನಲ್ಲಿ ದಾರ ಕಡಿಯುತ್ತಿತ್ತು.

ಲೇಖನ ಹೋಯಿತು. ಸಂದರ್ಶನ ಮುಂದಿನ ವಾರ ಎನ್ನುವಾಗ ಪತ್ರಿಕೆಯ ವಿಮರ್ಶಕನಿಂದ ಉತ್ತರ ಬಂತು. ತಂಗಿ ಓದಿ ಹೇಳಿದಳು. "ಕೊನೆಯ ಪ್ಯಾರಾ ಕಟುವಾಗಿದೆ. ಆಶಾದಾಯಕವಾಗಿ ಮುಗಿಸಿದರೆ ಪರಿಗಣಿಸಬಹುದು."

ನಾನು ಕತ್ತರಿಯನ್ನು ಮೇಜಿಗೆ ಕುಕ್ಕಿದೆ. "ಅವನು ಇನ್ನೂ ಬದುಕಿದಾನಾ?"

"ಇವನು ಬೇರೆಯವನು ಅಕ್ಕಾ."

"ಬೇರೆ ಏನಿಲ್ಲ. ಹೋಗ್ಲಿ, ಬದಲಾಯಿಸು."

ತಂಗಿ ಮುಖ ನೋಡಿದಳು. "ನೀನು ಬದಲಾಯಿಸಲಿಲ್ಲ."

"ಅದಕ್ಕೇ ಹೇಳ್ತಿರೋದು. ನಾನು ಬರೆಯೋದು ಬಿಟ್ಟರೆ ಅವರೇನು ಎದೆ ಬಡ್ಕೊಂಡ್ರಾ? ನನ್ನ ಕತೆ ಬರಬೇಕಾದ ಜಾಗದಲ್ಲಿ ಕೂದಲೆಣ್ಣೆ ಜಾಹೀರಾತು ಹಾಕಿದ್ರು. ನಿನಗೆ ಬೇಕಾಗಿರೋದು ಕೆಲಸ. ಅಳಿಯನಿಗೆ ಹಾರ ಹಾಕಿ ಕೂರಿಸ್ತೀಯಾ?"

ಅವಳು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಆಮೇಲೆ ಟೈಪ್ ಮಾಡತೊಡಗಿದಳು. ನಾನು ಬಗ್ಗಿ ನೋಡಿದೆ. "ಮಾನ್ಯ ವಿಮರ್ಶಕರ ಅಮೂಲ್ಯ ಸಲಹೆಗೆ ನಾನು ಚಿರಋಣಿ. ಸಲಹೆಯ ಬೆಳಕಿನಲ್ಲಿ ಕೊನೆಯ ಪ್ಯಾರಾವನ್ನು ಕೂಲಂಕಷವಾಗಿ ಪರಿಶೀಲಿಸಿ ಲೇಖನವನ್ನು ಮತ್ತೆ ಸಲ್ಲಿಸುತ್ತಿದ್ದೇನೆ."

"ಏನು ಬದಲಾಯಿಸಿದೆ?"

"ಏನೂ ಇಲ್ಲ. ಪರಿಶೀಲಿಸಿದೆ. ಚೆನ್ನಾಗಿದೆ ಅನ್ನಿಸ್ತು."

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಕಳಿಸಿಬಿಟ್ಟಳು. ಆಮೇಲೂ ಬೈದೆ. ಕೆಲಸ ಹೋದರೆ ನನ್ನ ಹತ್ತಿರ ಬಂದು ಗುಂಡಿ ಹಾಕು ಎಂದೆ. ನೀನು ಗುಂಡಿ ಹಾಕಿದ ಅಂಗಿಯನ್ನು ಯಾರೂ ತೊಡೋದಿಲ್ಲ ಎಂದೂ ಹೇಳಿದೆ. ಅವತ್ತಿಂದ ಅವಳು ಊಟ ಮಾಡುವಾಗಲೂ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಸಂದರ್ಶನದ ಹಿಂದಿನ ದಿನ ಉತ್ತರ ಬಂತು. "ಪರಿಷ್ಕೃತ ಮುಕ್ತಾಯ ಸಮತೋಲನದಿಂದ ಕೂಡಿದ್ದು, ಆಶಾದಾಯಕವಾಗಿದೆ. ಲೇಖನವನ್ನು ಸ್ವೀಕರಿಸಲಾಗಿದೆ."

ತಂಗಿ ಎರಡು ಸಲ ಓದಿ, ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ನಕ್ಕಳು. ನಾನು ನಗಲಿಲ್ಲ.

"ಅಷ್ಟೇನಾ?" ಎಂದೆ.

"ಅಷ್ಟೇ."

"ಇದ್ದದ್ದನ್ನ ಇದ್ದ ಹಾಗೇ ವಾಪಸ್ ಕಳಿಸೋದಾ?"

"ಮೇಲೊಂದು ಥ್ಯಾಂಕ್ಸ್ ಹಾಕಿ."

ನಾನು ಸೂಜಿಗೆ ದಾರ ಪೋಣಿಸಲು ಹೋದೆ. ಆಗಲಿಲ್ಲ. ತಂಗಿ ಎದ್ದು ಬಂದು ಪೋಣಿಸಿ ಕೊಟ್ಟಳು.

"ಅಕ್ಕಾ, ಆ ನಾಲ್ಕನೇ ಕತೆ ಎಲ್ಲಿದೆ?"

"ಕಾಲರ್ ಅಳತೆಯ ಕಾಗದಕ್ಕೆ ಕತ್ತರಿಸಿಕೊಂಡೆ."

"ಯಾವಾಗ?"

"ವಾಪಸ್ ಬಂದ ದಿನವೇ."

ತಂಗಿ ಸಂದರ್ಶನಕ್ಕೆ ಹಾಕಿಕೊಂಡು ಹೋಗುವ ಬಟ್ಟೆಗೆ ಇಸ್ತ್ರಿ ಹಾಕಲು ಒಳಗೆ ಹೋದಳು. ನಾನು ಕೆಲಸ ಮುಂದುವರಿಸಿದೆ. ಆ ದಿನ ಹುಡುಗರ ಅಂಗಿಗಳಿಗೆಲ್ಲ ಬಲಗಡೆಯ ಬದಲು ಹುಡುಗಿಯರ ಅಂಗಿಯ ಹಾಗೆ ಎಡಗಡೆಗೆ ಗುಂಡಿ ಬಿದ್ದಿತ್ತು. ಮರುದಿನ ತಂಗಿ ಅತ್ತ ಸಂದರ್ಶನದಲ್ಲಿ ಕೂತಿದ್ದಾಗ, ನಾನು ಇತ್ತ ಕೂತು ಒಂದೊಂದನ್ನೇ ಬಿಚ್ಚಿದೆ.